ಮನೆ ಮಾರಲು ಹೊರಟ ಯಜಮಾನರಿಗೆ ಬಿನ್ನವತ್ತಳೆ



ತಮ್ಮ ಗೇಟಿಗೆ ‘ಮನೆ ಮಾರಾಟಕ್ಕಿದೆ, ದಲ್ಲಾಳಿಗಳು ಕ್ಷಮಿಸಿ’ ಎಂಬ ಬೋರ್ಡು ಬಿದ್ದು ಐದು ದೀಪಾವಳಿ ಕಳೆದವು. ಈ ಅವಧಿಯಲ್ಲಿ ನಮ್ಮ ಬಡಾವಣೆಯಲ್ಲಿ ಎಷ್ಟೋ ಮನೆಗಳು ಕೈಬದಲಾದವು. ಎದುರು ಮನೆಯವರು ಬೋರ್ಡನ್ನೂ ಹಾಕದೆ ಎರಡೇ ತಿಂಗಳಲ್ಲಿ ಮಾರಿ ಮೈಸೂರು ಸೇರಿಕೊಂಡರು. ಇಂಥ ಆತುರಗಾರರ ನಡುವೆ ತಾವೊಬ್ಬರೇ ಅಚಲರಾಗಿ ನಿಂತಿದ್ದೀರಿ. ಕಾಂಪೌಂಡಿನ ಮೇಲೆ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಸಿಟ್ಟ ಸೈಟೇ ಯಾರ್ಯಾರದೋ ಹೆಸರಿಗೆ ಮಾರಾಟವಾಗಿಬಿಡುವ ಈ ಬೆಂಗಳೂರಿನಲ್ಲಿ, ‘ಮಾರಾಟಕ್ಕಿದೆ’ ಎಂದು ಬರೆಸಿಯೂ ಮಾರಾಟವಾಗದಂತೆ ಕಾಪಾಡಿಕೊಂಡು ಬಂದ ಮಹನೀಯರು ತಾವು. ಈ ಸಾಧನೆ ತಾನಾಗಿ ಆದದ್ದಲ್ಲ, ಪ್ರತಿ ಹಂತದಲ್ಲೂ ತಾವು ಪಟ್ಟ ಶ್ರಮದ ಫಲ ಎಂಬುದನ್ನು ಬಲ್ಲ ನಾವು, ಇದೇ ರಸ್ತೆಯ ನಿವಾಸಿಗಳು, ತಮ್ಮನ್ನು ಅಭಿನಂದಿಸಲು ಸೇರಿದ್ದೇವೆ.

ಮೊದಲಿಗೆ ತಮ್ಮ ಬೆಲೆ ಕಟ್ಟುವ ವಿದ್ಯೆ. ಲೋಕದವರು ಬೆಲೆ ಕಟ್ಟುವ ರೀತಿ ತೀರ ಒರಟು. ಸೈಟು 30x40, ಅಂದರೆ 1200 ಚದರಡಿ. ರಸ್ತೆ ಎಷ್ಟು ಅಗಲ, ಬಾಗಿಲು ಯಾವ ದಿಕ್ಕಿಗೆ, ಅಕ್ಕಪಕ್ಕದಲ್ಲಿ ಈಚೆಗೆ ರಿಜಿಸ್ಟರ್ ಆದದ್ದು ಎಷ್ಟಕ್ಕೆ ಎಂದು ಕೇಳಿ ಗುಣಿಸಿಬಿಡುತ್ತಾರೆ. ಮೂವತ್ತೈದು ವರ್ಷದ ಕಟ್ಟಡಕ್ಕೆ ಬೇರೆ ಬೆಲೆ ಎಂಥದು, ಕೊಂಡವನು ಕೆಡವಿ ನಾಲ್ಕಂತಸ್ತು ಎಬ್ಬಿಸುವವನೇ ತಾನೆ ಎಂದು ತಮ್ಮ ಮುಖಕ್ಕೇ ಹೇಳುವ ಧಾರ್ಷ್ಟ್ಯ ಬೇರೆ. ತಾವು ಮಾತ್ರ ಒಂದನ್ನೂ ಬಿಡದೆ ಕೂಡಿದಿರಿ. ದಾಂಡೇಲಿಯಿಂದ ತರಿಸಿದ ತೇಗದ ಬಾಗಿಲು. ಅಮ್ಮನವರು ಆರಿಸಿದ ಮೊಸಾಯಿಕ್ ನೆಲ. ಹಿತ್ತಲಿನ ತೆಂಗು ಇನ್ನು ಇಪ್ಪತ್ತು ವರ್ಷ ಬಿಡಲಿರುವ ಕಾಯಿ. ಸಿಯಾಟಲ್ಲಿನ ಮಗ ಅಲ್ಲಿ ಮನೆ ಕೊಳ್ಳಲು ಕಟ್ಟಬೇಕಾದ ಡೌನ್‌ಪೇಮೆಂಟು. ಇಷ್ಟರ ಮೇಲೆ, ಮೂಲೆಮನೆ ಇಂತಿಷ್ಟಕ್ಕೆ ಹೋಯಿತಂತೆ ಎಂದು ಪಾರ್ಕಿನ ಬೆಂಚಿನಲ್ಲಿ ಕಿವಿಗೆ ಬಿದ್ದ ಬೆಲೆ. ಆ ಮನೆ 40x60 ಎಂಬ ಕ್ಷುಲ್ಲಕ ಸಂಗತಿಗೆ ತಾವು ಗಮನ ಕೊಡಲಿಲ್ಲ.

ಬೋರ್ಡು ಹಾಕಿದ ಮೂರನೇ ವಾರವೇ ಒಬ್ಬ ಗಿರಾಕಿ ತಾವು ಹೇಳಿದ ಬೆಲೆಗೆ ಸೊಲ್ಲೆತ್ತದೆ ಒಪ್ಪಿಕೊಂಡ. ದುರ್ಬಲ ಮನಸ್ಸಿನವರಾಗಿದ್ದರೆ ಅಲ್ಲಿಗೇ ಮಾರಿಬಿಡುತ್ತಿದ್ದರು. ತಾವೋ, ‘ಇಷ್ಟು ಸಲೀಸಾಗಿ ಒಪ್ಪಿದ ಅಂದರೆ ನಾನು ಕಡಿಮೆ ಹೇಳಿದೆ ಅಂತಲೇ ಅರ್ಥ’ ಎಂದು ಮರುದಿನವೇ ನಲವತ್ತು ಲಕ್ಷ ಏರಿಸಿದಿರಿ. ಆತ ಮತ್ತೆ ಫೋನು ಮಾಡಲಿಲ್ಲ. ಆಮೇಲೆ ಬಂದವರೆಲ್ಲ ಆತನಿಗಿಂತ ಕಡಿಮೆಗೇ ಕೇಳಿದ್ದಾರೆ. ಅದು ಅವರವರ ಸಂಸ್ಕಾರ.

ದಲ್ಲಾಳಿಗಳ ಕ್ಷಮೆ ಕೇಳಿದ ಮೇಲೆಯೂ ಅವರನ್ನು ಕೈಬಿಡದ ತಮ್ಮ ಔದಾರ್ಯವನ್ನು ಹೇಳದಿದ್ದರೆ ತಪ್ಪಾದೀತು. ಸಿಕ್ಕ ದಲ್ಲಾಳಿಗೆಲ್ಲ ‘ನೀವೇ ಮಾಡಿಕೊಡಿ’ ಎಂದಿರಿ, ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳಿದಿರಿ. ಪರಿಣಾಮವಾಗಿ ಹುಬ್ಬಳ್ಳಿ ಕಡೆಯ ದಂಪತಿ ಒಂದೇ ಭಾನುವಾರ ಮೂರು ಮನೆ ನೋಡಲು ಹೊರಟು ಮೂರು ಸಲವೂ ತಮ್ಮ ಗೇಟಿನ ಮುಂದೆಯೇ ಬಂದಿಳಿದರು. ಮೂರನೇ ಸಲ ಕಾಫಿ ಕೊಟ್ಟು ಕಳಿಸಿದ್ದು ತಾಯಿಯವರ ದೊಡ್ಡಗುಣ.

ಮನೆ ತೋರಿಸುವುದರಲ್ಲೂ ತಮ್ಮದು ಬೇರೆಯೇ ಶೈಲಿ. ಗೋಡೆಯ ತೇವ ಮುಚ್ಚಲು ತಿರುಪತಿ ತಿಮ್ಮಪ್ಪನ ಕ್ಯಾಲೆಂಡರನ್ನು ಮೊಣಕಾಲಿನ ಮಟ್ಟಕ್ಕೆ ತೂಗುಹಾಕಿದ ಮನೆ ಇಡೀ ಬಡಾವಣೆಯಲ್ಲಿ ತಮ್ಮದೊಂದೇ. ಅದನ್ನು ರಿಪೇರಿ ಮಾಡಿಸಲು, ಇಲ್ಲವೇ ‘ಇಲ್ಲಿ ನೀರು ಇಳಿಯುತ್ತೆ, ಅದಕ್ಕೆ ಇಷ್ಟು ಬಿಡುತ್ತೇನೆ’ ಎಂದು ನೇರವಾಗಿ ಹೇಳಲು ಯಾರಿಗಾದರೂ ಬರುತ್ತದೆ. ಬಂದವರನ್ನು ಗಂಡಹೆಂಡಿರಿಬ್ಬರೇ ಎರಡು ಮಾತಾಡಿಕೊಳ್ಳಲೂ ಬಿಡದೆ ಕೋಣೆಯಿಂದ ಕೋಣೆಗೆ ಹಿಂಬಾಲಿಸಿ ‘ನಮ್ಮಪ್ಪ ಹೋದದ್ದು ಇದೇ ಮಂಚದ ಮೇಲೆ’ ಎಂದು ಚರಿತ್ರೆ ಹೇಳುವಿರಿ. ಮಹಡಿಯಲ್ಲಿರುವವರು ಬಾಡಿಗೆಯವರೇ ಎಂದು ಕೇಳಿದರೆ ‘ನಮ್ಮವರಿದ್ದ ಹಾಗೆ’ ಎನ್ನುವಿರಿ. ಅವರು ಹದಿನೈದು ಲಕ್ಷಕ್ಕೆ ಭೋಗ್ಯಕ್ಕಿರುವವರು, ಆ ಹಣ ಮಗನ ಎಂಎಸ್ಸಿಗೆ ಹೋಯಿತು, ಖಾಲಿ ಮಾಡಿಸಬೇಕಾದರೆ ಯಾರೋ ಒಬ್ಬರು ಅದನ್ನು ಎಣಿಸಿ ಕೊಡಲೇಬೇಕು ಎಂಬುದು ಗಿರಾಕಿಗೆ ತಾನಾಗಿ ಗೊತ್ತಾಗಬೇಕು. ಎಲ್ಲರಿಗೂ ಗೊತ್ತಾಗಿದೆ, ಸಾಮಾನ್ಯವಾಗಿ ಮೆಟ್ಟಿಲಿನ ಮೇಲೆಯೇ.

ಇವೆಲ್ಲ ಸಣ್ಣಪುಟ್ಟವು. ತಮ್ಮ ಪ್ರತಿಭೆಯನ್ನು ಕಾಣಬೇಕಾದರೆ ಬೀರು ತೆರೆದು ಕಾಗದಪತ್ರಗಳನ್ನು ನೋಡಬೇಕು.

ತಮ್ಮ ತೀರ್ಥರೂಪರಿಗೆ ಬಿಡಿಎ ಸೈಟು ಕೊಟ್ಟದ್ದು 1986ರಲ್ಲಿ. ಬಿಡಿಎ ಮೊದಲು ಮಾಡಿಕೊಡುವುದು ಲೀಸ್-ಕಮ್-ಸೇಲ್ ಕರಾರು. ಹತ್ತು ವರ್ಷ ಕಳೆದ ಮೇಲೆ ಹೋಗಿ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಅಂದರೆ 1996ರಲ್ಲಿ ಹೋಗಬೇಕಿತ್ತು. ‘ಸೈಟು ಎಲ್ಲಿಗೆ ಓಡಿಹೋಗುತ್ತೆ’ ಎಂದು ತಂದೆಯವರು ಹೋಗಲಿಲ್ಲ. ಅವರು 2003ರಲ್ಲಿ ತೀರಿಕೊಂಡ ಮೇಲೆ ತಾವೂ ಹೋಗಲಿಲ್ಲ. ವಂಶದ ಸಂಪ್ರದಾಯ ಎಂದರೆ ಇದು. ಖಾತೆ ಇನ್ನೂ ತಂದೆಯವರ ಹೆಸರಿನಲ್ಲೇ ಇದೆ. ಬದಲಾಯಿಸಿರಿ ಎಂದವರಿಗೆ ‘ಅವರ ನೆನಪಿಗೆ ಅದೊಂದಾದರೂ ಇರಲಿ’ ಎಂದು ಕಣ್ಣೊರೆಸಿಕೊಂಡಿದ್ದೀರಿ. ಪ್ರತಿ ವರ್ಷ ಕಂದಾಯ ಕಟ್ಟಿದ ರಸೀದಿ ಇರುವಾಗ ಒಡೆತನಕ್ಕೆ ಇನ್ನೇನು ಬೇಕು ಎಂಬುದು ತಮ್ಮ ವಾದ. ಖಾತೆ ಎಂಬುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಬರೆದಿಟ್ಟುಕೊಂಡ ಲೆಕ್ಕ, ಹಕ್ಕುಪತ್ರವಲ್ಲ ಎಂದು ಗಿರಾಕಿಯ ಲಾಯರು ಹೇಳಿದ್ದಕ್ಕೆ, ಆತನ ವಯಸ್ಸೆಷ್ಟು ಎಂದು ವಿಚಾರಿಸಿದಿರಿ.

2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಎಂದಾಯಿತು. ಊರಿಗೂರೇ ಆಧಾರ್ ಕಾರ್ಡು ಹಿಡಿದು ಓಡಿತು. ತಾವು ಓಡಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಾಗ ‘ನೋಡಿದಿರಾ, ಆಗಲೇ ಮಾಡಿಸಿದ್ದರೆ ಈಗ ಯಾವ ಪಾಲಿಕೆಯದು ಅಂತ ತಲೆ ಕೆಡಿಸಿಕೊಳ್ಳಬೇಕಿತ್ತು’ ಎಂದು ನಮಗೇ ಬುದ್ಧಿ ಹೇಳಿದಿರಿ. ಆಗಲೇ ಮಾಡಿಸಿದವರು ಯಾರೂ ತಲೆ ಕೆಡಿಸಿಕೊಂಡದ್ದು ನಮಗೆ ಕಾಣಲಿಲ್ಲ. ಆದರೆ ದೂರದೃಷ್ಟಿ ನಮಗೆ ಕಡಿಮೆ.

ಸೋದರವತ್ಸಲರೇ, ತಮಗೆ ಇಬ್ಬರು ತಂಗಿಯರು, ಒಬ್ಬ ತಮ್ಮ. ಉಯಿಲು ಬರೆಯದೆ ಹೋದ ತಂದೆಯ ಸ್ವಂತ ಗಳಿಕೆಗೆ ಹೆಣ್ಣು ಗಂಡೆನ್ನದೆ ಮಕ್ಕಳೆಲ್ಲರೂ ಸಮಪಾಲುದಾರರು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ತಾವು ‘ಹೆಣ್ಣುಮಕ್ಕಳ ಕಾನೂನು ಬಂದದ್ದು 2005ರಲ್ಲಿ, ಅಪ್ಪ ಹೋದದ್ದು ಅದಕ್ಕೂ ಮೊದಲು’ ಎಂದು ದಿನಾಂಕ ಸಮೇತ ಸಾಧಿಸುತ್ತೀರಿ. 2005ರ ತಿದ್ದುಪಡಿ ಪಿತ್ರಾರ್ಜಿತದ ಮಾತು, ಈ ಸೈಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ದಿನಾಂಕ ಹೇಳಿದ ಗತ್ತಿಗೆ ಪಾರ್ಕಿನವರೆಲ್ಲ ತಲೆದೂಗಿದ್ದು ನಿಜ. ಅರಿಶಿನ ಕುಂಕುಮಕ್ಕೆಂದು ತಂಗಿಯರಿಗೆ ತಲಾ ಐವತ್ತು ಸಾವಿರ ಎತ್ತಿಟ್ಟ ಧಾರಾಳವನ್ನೂ ದಾಖಲಿಸಬೇಕು. ಕೊಳ್ಳುವವರು ವಂಶವೃಕ್ಷ ತನ್ನಿ, ಎಲ್ಲರ ಸಹಿ ಇಲ್ಲವೇ ಹಕ್ಕು ಬಿಡುಗಡೆ ಪತ್ರ ತನ್ನಿ ಎಂದಾಗ ಹಾಸನದ ತಂಗಿಗೆ ವಾಟ್ಸಾಪಿನಲ್ಲಿ ‘ಆಧಾರ್ ಕಳಿಸು’ ಎಂದು ಎರಡೇ ಪದ ಬರೆದಿರಿ. ‘ಅಣ್ಣ, ನೀನು ಮನೆಗೆ ಬಂದು ಒಂದು ಮಾತು ಕೇಳಿದ್ದರೆ ಕಣ್ಣುಮುಚ್ಚಿ ಸಹಿ ಹಾಕ್ತಿದ್ದೆ’ ಎಂದು ಆಕೆ ಉತ್ತರ ಕೊಟ್ಟಳಂತೆ. ಹಾಸನಕ್ಕೆ ಮೂರೂವರೆ ಗಂಟೆಯ ದಾರಿ. ತಾವು ಹೋಗಲಿಲ್ಲ. ಸ್ವಾಭಿಮಾನಕ್ಕೆ ಗಂಟೆಗಳ ಲೆಕ್ಕ ಎಲ್ಲಿಯದು!

ನ್ಯೂಜೆರ್ಸಿಯ ತಮ್ಮ ಮಾತ್ರ ಅವಸರದ ಆಸಾಮಿ. ಕಾನ್ಸುಲೇಟಿಗೆ ಅಲೆದು, ದೃಢೀಕರಿಸಿದ ಮುಖ್ತಾರ್ ಪತ್ರವನ್ನು ಕೊರಿಯರಿನಲ್ಲಿ ಕಳಿಸಿಯೇಬಿಟ್ಟ. ವಿದೇಶದಲ್ಲಿ ಬರೆದ ಇಂಥ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಾವು ಅದನ್ನು ಭದ್ರವಾಗಿ ರೇಷ್ಮೆ ಸೀರೆಗಳ ಕೆಳಗಿಟ್ಟು ಏಳನೇ ತಿಂಗಳು ಹೊರತೆಗೆದಿರಿ.

ಇನ್ನು ಕಟ್ಟಡ. ನಕ್ಷೆಯಲ್ಲಿ ಮಂಜೂರಾದದ್ದು ನೆಲಮಹಡಿ ಮತ್ತು ಒಂದನೇ ಮಹಡಿ. ನಿಂತಿರುವುದು ಅದರ ಮೇಲೆ ಇನ್ನೊಂದು, ತುದಿಯಲ್ಲಿ ಶೀಟಿನ ರೂಮು. ಕಾರು ನಿಲ್ಲಬೇಕಾದಲ್ಲಿ ಬ್ಯೂಟಿ ಪಾರ್ಲರು. ಅಕ್ರಮ-ಸಕ್ರಮದಲ್ಲಿ ಎಲ್ಲ ಸರಿಹೋಗುತ್ತೆ ಎಂದು ಬಂದವರಿಗೆಲ್ಲ ಧೈರ್ಯ ಹೇಳುತ್ತಲೇ ಇದ್ದೀರಿ. ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟ ಸುದ್ದಿ ತಮ್ಮ ಆಶಾವಾದವನ್ನು ಕದಲಿಸಿಲ್ಲ.

ಇಷ್ಟೆಲ್ಲ ಕೋಟೆಗಳನ್ನು ದಾಟಿಯೂ ಒಬ್ಬ ಹುಡುಗ ಒಳಗೆ ನುಗ್ಗಿದ. 2025ರ ಜೂನ್ ಕೊನೆಯಲ್ಲಿ, ಎರಡು ಕೋಟಿಗೆ. ಕಾಗದಗಳಿಗೆಲ್ಲ ನಾನೇ ಓಡಾಡುತ್ತೇನೆ, ತಂಗಿಯರ ಹತ್ತಿರ ನಾನೇ ಹೋಗಿ ಕೈಮುಗಿಯುತ್ತೇನೆ, ತಾವು ಕರಾರಿಗೆ ಸಹಿ ಹಾಕಿದರೆ ಸಾಕು ಎಂದ. ನಿಜಕ್ಕೂ ನಾವೆಲ್ಲ ಹೆದರಿದ ಕ್ಷಣ ಅದು. ತಾವು ಹೆದರಲಿಲ್ಲ. ‘ಆಷಾಢ ಬಂತಲ್ಲಪ್ಪ’ ಎಂದಿರಿ. ಶ್ರಾವಣದಲ್ಲಿ ಸಾಲು ಸಾಲು ಹಬ್ಬ, ಮನೆಯ ತುಂಬ ನೆಂಟರು. ಭಾದ್ರಪದ ಹುಟ್ಟಿತು, ಗೌರಿ ಗಣೇಶ ಮುಗಿಯಲಿ ಎಂದಿರಿ. ಗಣೇಶ ನೀರಿಗಿಳಿಯುವ ಹೊತ್ತಿಗೆ, ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಎರಡು ಕೋಟಿಯ ಮೇಲೆ ಎರಡು ಲಕ್ಷ ಹೆಚ್ಚು. ಅರ್ಧವಾದರೂ ಬಿಟ್ಟುಕೊಡಿ ಸಾರ್ ಎಂದ ಹುಡುಗ. ಶುಲ್ಕ ಏರಿಸಿದ್ದು ಸರ್ಕಾರ, ಅದನ್ನೇ ಹೋಗಿ ಕೇಳು ಎಂದು ಕಳಿಸಿದಿರಿ. ಆಮೇಲೆ ಪಿತೃಪಕ್ಷ.

ಆದರೆ ಆ ಹುಡುಗನಲ್ಲಿ ತಾವು ಕಂಡ ನಿಜವಾದ ದೋಷ ಬೇರೆ. ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಕೊಡುತ್ತೇನೆ ಎಂದದ್ದು. ‘ಎಲ್ಲ ವೈಟ್ ಅಂತಾನೆ, ಏನೋ ಮೋಸ ಇದೆ’ ಎಂದು ಆ ರಾತ್ರಿ ತಮಗೆ ನಿದ್ದೆ ಬರಲಿಲ್ಲ. ತಾವು ಬಯಸಿದ್ದು ಶೇಕಡಾ ಅರವತ್ತು ಕಾಗದದ ಮೇಲೆ, ನಲವತ್ತು ಚೀಲದಲ್ಲಿ. ಸ್ಥಿರಾಸ್ತಿ ಮಾರಾಟದಲ್ಲಿ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ, ಅದೂ ಮಾರಿದವರಿಗೆ. ಮಾರ್ಗಸೂಚಿ ಬೆಲೆ ಕಾಗದದಲ್ಲಿ ತೋರಿಸಿದ ಬೆಲೆಗಿಂತ ಶೇಕಡಾ ಹತ್ತಕ್ಕೂ ಮೀರಿ ಹೆಚ್ಚಿದ್ದರೆ ಆ ಮಾರ್ಗಸೂಚಿ ಬೆಲೆಯೇ ಬಂತೆಂದು ತೆರಿಗೆ ಹಾಕುತ್ತಾರೆ ಎಂದು ಆಡಿಟರು ಹೇಳಿದರು. ‘ಎಲ್ಲರೂ ಮಾಡೋದೇ’ ಎಂಬ ತಮ್ಮ ಉತ್ತರದಲ್ಲಿ ಇಡೀ ನಾಡಿನ ಮೇಲಿನ ವಿಶ್ವಾಸ ತುಂಬಿತ್ತು.

ತಕ್ಕ ಗಿರಾಕಿಯೂ ದೊರೆತ, ನಗದಿನವನು. ಮದುವೆ ಕರೆಯೋಲೆಯ ಹಿಂಬದಿಯಲ್ಲಿ ‘ಮನೆ ಬಾಬ್ತು ಐದು ಲಕ್ಷ ಮುಟ್ಟಿದೆ’ ಎಂದು ಬರೆದು ರುಜು ಮಾಡಿಕೊಟ್ಟಿರಿ. ಎಷ್ಟು ದಿನದೊಳಗೆ, ಯಾರು ತಪ್ಪಿದರೆ ಏನು, ಭೋಗ್ಯದ ಹಣ ಯಾರು ತೀರಿಸಬೇಕು ಎಂಬ ಯಾವ ಕೊಳಕು ಮಾತೂ ಆ ಮಂಗಳಪತ್ರವನ್ನು ಮಲಿನಗೊಳಿಸಲಿಲ್ಲ. ಹದಿನೈದು ದಿನಕ್ಕೆ ಇನ್ನೊಬ್ಬ ಹತ್ತು ಲಕ್ಷ ಹೆಚ್ಚು ಎಂದ. ಅವನಿಂದಲೂ ಟೋಕನ್ ತೆಗೆದುಕೊಂಡಿರಿ. ಯಾರನ್ನೂ ಬರಿಗೈಲಿ ಕಳಿಸದ, ಅಂದರೆ ಯಾರ ಕೈಯನ್ನೂ ಬರಿದು ಮಾಡದೆ ಕಳಿಸದ ಗುಣ ತಮ್ಮದು. ಈಗ ಇಬ್ಬರೂ ಸಿವಿಲ್ ಕೋರ್ಟಿಗೆ ಹೋಗಿದ್ದಾರೆ. ದಾವೆ ಇತ್ಯರ್ಥವಾಗುವ ತನಕ ಯಾರು ಕೊಂಡರೂ ಬರುವ ತೀರ್ಪಿಗೆ ತಲೆಬಾಗಬೇಕು, ಹಾಗಾಗಿ ಕೊಳ್ಳುವವರು ತಮ್ಮ ರಸ್ತೆಗೇ ತಿರುಗುತ್ತಿಲ್ಲ. ಮನೆಗೆ ಇದಕ್ಕಿಂತ ದೊಡ್ಡ ಕಾವಲು ಯಾವ ಸೆಕ್ಯೂರಿಟಿಯವನೂ ಕೊಡಲಾರ.

ತೆರಿಗೆಯ ವಿಷಯದಲ್ಲಂತೂ ತಾವು ಆಡಿಟರನ್ನೇ ಮೀರಿಸಿದಿರಿ. ಅವರು ಪಾಪ ವಿವರವಾಗಿ ಹೇಳಿದ್ದರು. ಹಳೆಯ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಬಹುದು. 2024ರ ಜುಲೈ 23ಕ್ಕೆ ಮೊದಲೇ ಕೈಗೆ ಬಂದದ್ದಾದ್ದರಿಂದ, ಇಲ್ಲಿ ವಾಸವಿರುವ ತಮಗೆ ಹಣದುಬ್ಬರದ ಲೆಕ್ಕವಿಲ್ಲದೆ ಶೇಕಡಾ 12.5, ಲೆಕ್ಕದೊಂದಿಗೆ ಶೇಕಡಾ 20, ಯಾವುದು ಕಡಿಮೆಯೋ ಅದು. ಎರಡು ವರ್ಷದಲ್ಲಿ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದಲ್ಲಿ ಕಟ್ಟಿದರೆ ವಿನಾಯಿತಿ. ಅಲ್ಲಿಯವರೆಗೆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲೇ ಇಡಬೇಕು, ಚೀಟಿಗೆ ಹಾಕಬಾರದು. ಮಾರುವ ಮೊದಲೇ ಕೂತು ಇದನ್ನೆಲ್ಲ ಲೆಕ್ಕ ಹಾಕೋಣ ಎಂದು ಅವರು ಕರೆದರೆ ‘ಮಾರಿದ ಮೇಲೆ ನೋಡೋಣ’ ಎಂದಿರಿ. ಐದು ವರ್ಷವೂ ತಮ್ಮ ಬಂಡವಾಳ ಲಾಭ ಸೊನ್ನೆ. ಒಂದು ಪೈಸೆ ತೆರಿಗೆಯಿಲ್ಲ.

ಇಂಥ ತಮಗೆ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಅರ್ಪಿಸುತ್ತಿದ್ದೇವೆ. ಇದರ ಖರ್ಚಿಗೆ ರಸ್ತೆಯವರಿಂದ ಚಂದಾ ಎತ್ತಬೇಕೆಂದಿದ್ದೆವು. ತಮ್ಮ ಮಹಡಿಯ ಭೋಗ್ಯದವರು ಒಪ್ಪದೆ, ಪೂರ್ತಿ ತಾವೇ ಕೊಡುತ್ತೇವೆಂದು ಹಟ ಹಿಡಿದು ಕೊಟ್ಟರು.