ಎರಡನೇ ಕೃಷ್ಣನೂ ಹಾರ್ಮೋನಿಯಂ ಮೇಷ್ಟ್ರೂ

ನಮ್ಮ ಮಂಡ್ಯ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಸಿಕ್ಕುವುದು ಕಷ್ಟ. ಹಬ್ಬ ಹತ್ತಿರ ಬಂತೆಂದರೆ ಕಬ್ಬು ಬೆಳೆಯುವವನು, ಹಾಲಿನ ಡೇರಿ ಸೆಕ್ರೆಟರಿ, ಆಟೊ ಓಡಿಸುವವನು ಎಲ್ಲರೂ ರಾತ್ರೋರಾತ್ರಿ ಮಹಾಭಾರತಕ್ಕೆ ಸೇರಿಕೊಳ್ಳುತ್ತಾರೆ. ಇಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ. ದುಡ್ಡು ಅವನೇ ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ, ವಿದುರನಿಗೆ ಕಡಿಮೆ. ಕಿರೀಟಕ್ಕೆ ಆಸೆಪಟ್ಟವರು ಹೆಚ್ಚಾದರೆ ಸಂಧಾನದವರೆಗೆ ಒಂದನೇ ಕೃಷ್ಣ, ಗೀತೋಪದೇಶಕ್ಕೆ ಎರಡನೇ ಕೃಷ್ಣ. ಕುರ್ಚಿ ಹಂಚಿಕೆಯ ಸೂತ್ರ ಹುಡುಕಿಕೊಂಡು ದೆಹಲಿಗೆ ಓಡುವವರು ಒಮ್ಮೆ ಮಳವಳ್ಳಿ ಕಡೆ ಪ್ರಾಕ್ಟೀಸ್ ನೋಡಲು ಬರಬಹುದು.

ಆದರೆ ಈ ತಂಡವನ್ನು ನಡೆಸುವವರು ಎರಡೂ ಕೃಷ್ಣರಲ್ಲ, ಹಾರ್ಮೋನಿಯಂ ಮೇಷ್ಟ್ರು. ಎಲ್ಲರ ಕಂದವೂ ಅವರಿಗೆ ಬಾಯಿಪಾಠ. ಯಾರ ಗಂಟಲು ಎಷ್ಟು ಎತ್ತರಕ್ಕೆ ಹೋಗುತ್ತದೆ, ಯಾರು ಎಲ್ಲಿ ತಾಳ ತಪ್ಪುತ್ತಾರೆ ಎಂಬ ಲೆಕ್ಕವೆಲ್ಲ ಅವರ ಬೆರಳಲ್ಲಿದೆ. ಪ್ರಾಕ್ಟೀಸಿನಲ್ಲಿ ಬೈಗುಳಕ್ಕೆ ಬರವಿಲ್ಲ. ‘ಗೌಡ್ರೆ, ಶ್ರುತಿ ನಿಮ್ತಾವ್ಕೆ ಬರಾಕಿಲ್ಲ, ನೀವೇ ಅದ್ರತಾವ್ಕೆ ಬರ್ಬೇಕು’ ಎಂದು ದುರ್ಯೋಧನನಿಗೇ ಹೇಳಿಬಿಡುತ್ತಾರೆ. ಅದೇ ಮೇಷ್ಟ್ರು ರಂಗದ ದಿನ ಬೇರೆ ಮನುಷ್ಯ. ಭೀಮ ಗದೆ ಎತ್ತಿ ಮಾತು ಮರೆತು ನಿಂತರೆ ಪೆಟ್ಟಿಗೆಯ ಮೇಲೆ ರಾಗ ಎಳೆಯುತ್ತಲೇ ಇರುತ್ತಾರೆ, ನೆನಪು ಬರುವ ತನಕ. ಭೀಮ ಕೋಪದಿಂದ ಮೌನವಾಗಿದ್ದಾನೆಂದು ಜನ ತಿಳಿಯುತ್ತಾರೆ, ಒಂದಿಬ್ಬರು ಶಿಳ್ಳೆಯನ್ನೂ ಹೊಡೆಯುತ್ತಾರೆ. ಬೈಯುವುದು ಒಳಗೆ, ಕಾಯುವುದು ಹೊರಗೆ. ಇದನ್ನು ತಿರುಗಾಮುರುಗಾ ಮಾಡುವ ಆಫೀಸರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಂಧಾನದ ಮಧ್ಯೆ ಕರೆಂಟು ಹೋಗುವುದೂ ಉಂಟು. ಮಳವಳ್ಳಿ ತಾಲ್ಲೂಕಿಗೆ ಅದೊಂದು ತಮಾಷೆಯೇ. ಇಲ್ಲೇ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಮೈಕು ಸತ್ತೊಡನೆ ಕೌರವರ ಸಭೆಯಲ್ಲಿ ಗಲಿಬಿಲಿ. ಕರೆಂಟಿನ ಹಂಗಿಲ್ಲದ್ದು ಹಾರ್ಮೋನಿಯಂ ಒಂದೇ. ಮೇಷ್ಟ್ರು ನಿಲ್ಲಿಸುವುದಿಲ್ಲ. ಯಾರೋ ಮೊಬೈಲಿನ ಟಾರ್ಚ್ ಹಾಕುತ್ತಾರೆ, ಕೃಷ್ಣ ಬರೀ ಗಂಟಲಲ್ಲಿ ಮುಂದುವರಿಸುತ್ತಾನೆ.

ಕೆಲಸ ಬಲ್ಲವನ ಮಾತೇ ನಡೆಯಬೇಕು, ಆಲೆಮನೆಯಲ್ಲೂ ಹೀಗೇ. ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಒಲೆಗೆ ಸಿಪ್ಪೆ ತಳ್ಳುವವನೊಬ್ಬ, ಕೊಪ್ಪರಿಗೆಯ ಮಡ್ಡಿ ತೆಗೆಯುವವನೊಬ್ಬ. ಕುದಿಯುವ ಪಾಕದಿಂದ ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಮುದುಕ ‘ಇಳ್ಸ್ರಲಾ’ ಎಂದರೆ ಇಳಿಸಬೇಕು. ದುಡ್ಡು ಹಾಕಿದ ಯಜಮಾನ ಪಕ್ಕದಲ್ಲೇ ನಿಂತಿರುತ್ತಾನೆ, ತುಟಿ ಬಿಚ್ಚುವುದಿಲ್ಲ. ಬಿಚ್ಚಿದ ವರ್ಷ ಬೆಲ್ಲ ಅಂಟಾಗುತ್ತದೆ. ತನಗೆ ಹದ ತಿಳಿಯದು ಎಂಬುದು ಯಜಮಾನನಿಗೆ ತಿಳಿದಿದ್ದರೆ ಅರ್ಧ ಆಲೆಮನೆ ನಡೆದಂತೆ.

ಇನ್ನು, ಮುಂದಾಳನ್ನೇ ಎತ್ತಿಕೊಂಡು ಹೋದರೆ ತಂಡದ ಗತಿಯೇನು? ಮದ್ದೂರಿನವರು ಅದನ್ನೂ ನೋಡಿದ್ದಾರೆ. 1938ರ ಏಪ್ರಿಲ್‌ನಲ್ಲಿ ಅಲ್ಲಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಕಾಂಗ್ರೆಸ್ ಬಾವುಟ ಏರಿಸಕೂಡದೆಂದು ನಿಷೇಧಾಜ್ಞೆ. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಏರಿಸಿದರು, ಪೊಲೀಸರು ಹಿಡಿದರು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಾವುಟ ಹಿಡಿದು ಬಂದರು. ಅಧಿವೇಶನಕ್ಕೆ ತಮ್ಮ ಜಮೀನು ಬಿಟ್ಟುಕೊಟ್ಟವರು ತಿರುಮಲೇಗೌಡರು. ಸರ್ಕಾರದ ಕೆಂಗಣ್ಣಿಗೆ ಬೀಳುತ್ತೇನೆಂದು ಗೊತ್ತಿದ್ದೂ ಹೊಲ ಬಿಟ್ಟುಕೊಡುವುದು ಭಾಷಣ ಮಾಡುವುದಕ್ಕಿಂತ ದೊಡ್ಡದು ಅಂತ ನನ್ನ ಎಣಿಕೆ. ಅದೇ ತಿಂಗಳ 25ರಂದು, ಇದೇ ಬಾವುಟದ ಹೋರಾಟದಲ್ಲಿ, ವಿದುರಾಶ್ವತ್ಥದಲ್ಲಿ ಜನರ ಮೇಲೆ ಗೋಲಿಬಾರಾಯಿತು. ಮೇ ತಿಂಗಳಲ್ಲಿ ಕಾಂಗ್ರೆಸ್ಸಿನ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಆದ ಒಪ್ಪಂದದ ಮೇಲೆ, ಸಂಸ್ಥಾನದ ಧ್ವಜದ ಜೊತೆಗೆ ಆ ಬಾವುಟಕ್ಕೂ ಜಾಗ ಸಿಕ್ಕಿತು.

ಈಗ ಎಕ್ಸ್‌ಪ್ರೆಸ್‌ವೇ ಮೇಲ್ಸೇತುವೆ ಹತ್ತಿದರೆ ಮದ್ದೂರು ಕೆಳಗೇ ಉಳಿಯುತ್ತದೆ. ವಡೆಯ ನೆಪದಲ್ಲಾದರೂ ಹಳೇ ರಸ್ತೆಗೆ ಇಳಿಯಿರಿ. ಶಿವಪುರದ ಸತ್ಯಾಗ್ರಹ ಸೌಧ ಅಲ್ಲೇ ಇದೆ. ವಡೆಗೆ ಕೊಡುವಷ್ಟು ಹೊತ್ತನ್ನು ಅದಕ್ಕೂ ಕೊಡಿ.