ತಡ ಮಾಡಿದವರಿಗೇ ಹೆಚ್ಚು ಅಂಕ

ಕೊನೇ ತಾರೀಕಿನ ಕೊನೇ ಗಳಿಗೆಯವರೆಗೂ ಹಾಯಾಗಿ ಕೂತಿದ್ದು, ಆಮೇಲೆ ಎದ್ದುಬಿದ್ದು ಓಡುವ ಮಹನೀಯರು ನಮ್ಮಲ್ಲಿ ಬಹಳ. ಹೆಸರು ಹೇಳುವುದಿಲ್ಲ ಬಿಡಿ, ನೀವೇಕೆ ಮುಖ ಆಚೆ ತಿರುಗಿಸಿದಿರಿ? ಇಂಥವರಿಗೆ ಬೈಯದೆ ಬಹುಮಾನ ಕೊಡುವ ಜಾಗ ಒಂದಿದೆ. ಅದು 1979ರಲ್ಲಿ ಅಮೆರಿಕದ ಅಟಾರಿ ಕಂಪನಿ ತನ್ನ ಹಳೇ ಕನ್ಸೋಲಿಗೆ, ಅಂದರೆ ಮುಂದೆ ಅಟಾರಿ 2600 ಅನ್ನಿಸಿಕೊಂಡ ಡಬ್ಬಕ್ಕೆ, ತಂದ ‘ಸ್ಕೈ ಡೈವರ್’ ಎಂಬ ವಿಡಿಯೋ ಗೇಮ್.

ಆಟ ಇಷ್ಟೇ. ಪರದೆಯ ಮೇಲ್ಗಡೆ ಎರಡು ವಿಮಾನ, ಇಬ್ಬರು ಆಟಗಾರರಿಗೆ ಒಂದೊಂದು. ಕೆಂಪು ಗುಂಡಿ ಒತ್ತಿದರೆ ಆಸಾಮಿ ವಿಮಾನದಿಂದ ಜಿಗಿಯುತ್ತಾನೆ. ಜಾಯ್‌ಸ್ಟಿಕ್ ಹಿಂದಕ್ಕೆಳೆದರೆ ಪ್ಯಾರಾಚೂಟ್ ಬಿಚ್ಚುತ್ತದೆ. ಅವನನ್ನು ಎಡಕ್ಕೋ ಬಲಕ್ಕೋ ಸರಿಸುತ್ತಾ ನೆಲದ ಮೇಲಿನ ಪುಟ್ಟ ಕಟ್ಟೆಗೆ ಇಳಿಸಬೇಕು. ಗಾಳಿ ಯಾವ ಕಡೆಗೆ, ಎಷ್ಟು ಜೋರು ಅಂತ ತೋರಿಸಲು ಒಂದು ಗಾಳಿಚೀಲವೂ ಉಂಟು. ತಲೆಗೆ 9 ಜಿಗಿತ.

ಕಿತಾಪತಿ ಎಲ್ಲ ಇರುವುದು ಅಂಕದ ಲೆಕ್ಕದಲ್ಲಿ. ಪ್ಯಾರಾಚೂಟನ್ನು ಎಷ್ಟು ತಡವಾಗಿ ಬಿಚ್ಚುತ್ತೀರೋ ಅಷ್ಟು ಹೆಚ್ಚು ಅಂಕ! ಜಿಗಿದ ಕೂಡಲೇ ಬಿಚ್ಚಿಕೊಂಡು ನಿಧಾನವಾಗಿ ಇಳಿಯುವ ಜವಾಬ್ದಾರಿಯುತ ಗೃಹಸ್ಥನಿಗೆ ಪುಡಿಗಾಸು. ‘ಇನ್ನೊಂದು ಚೂರು, ಇನ್ನೊಂದೇ ಚೂರು’ ಅನ್ನುತ್ತಾ ನೆಲ ಮೂಗಿಗೆ ತಾಗುವವರೆಗೆ ಕಾದವನಿಗೆ ಭರ್ಜರಿ ಗಳಿಕೆ. ಕಾದದ್ದು ಅತಿಯಾಯಿತೋ, ಧಡ್ ಅಂತ ಬಿದ್ದು ಇದ್ದ ಅಂಕವೂ ಕಡಿತ. ಆದರೂ ಮುಂದಿನ ಜಿಗಿತಕ್ಕೆ ಮಹಾಶಯ ವಿಮಾನದಲ್ಲಿ ಮತ್ತೆ ಹಾಜರ್.

ನಿಜವಾದ ಆಕಾಶದಲ್ಲಿ ಈ ಸೌಲಭ್ಯ ಇಲ್ಲ. ಹೊಟ್ಟೆ ಕೆಳಗೆ ಮಾಡಿ ಬೀಳುವವರ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಅಲ್ಲೂ ಮೈಮರೆಯುವವರಿದ್ದಾರೆ ಅಂತಲೇ 1991ರಲ್ಲಿ ಜರ್ಮನಿಯಿಂದ ಸೈಪ್ರೆಸ್ ಎಂಬ ಉಪಕರಣ ಬಂತು. ನೆಲ ಹತ್ತಿರವಾದರೂ ವೇಗ ತಗ್ಗದಿದ್ದರೆ ಅದು ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚಿಬಿಡುತ್ತದೆ. ಅಟಾರಿಯಲ್ಲಿ ಅದನ್ನು ಹಾಕಿದ್ದರೆ ಆಟಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ.

ಈ ಆಟವನ್ನು ಬರೆದವರು ಜಿಮ್ ಹ್ಯೂದರ್, ಒಬ್ಬರೇ. ಆ ಕನ್ಸೋಲಿನ ರ್‍ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ ಸ್ವಾಮಿ, ಬರೀ ಬೈಟ್. ಈಗ ನೀವು ಓದುತ್ತಿರುವ ಈ ಒಂದು ಸಾಲನ್ನು ಇವತ್ತಿನ ಯೂನಿಕೋಡ್ ಕನ್ನಡದಲ್ಲಿ ಅದರೊಳಗೆ ತುರುಕಲು ಹೋದರೂ ಪೂರ್ತಿ ಹಿಡಿಸುವುದಿಲ್ಲ. ಮೇಲಾಗಿ ಆ ಯಂತ್ರ ಪಾಂಗ್, ಟ್ಯಾಂಕ್ ಥರದ ಆಟಗಳ ಅಳತೆಗೆ ಹೊಲಿದ ಅಂಗಿ: ಇಬ್ಬರು ಆಟಗಾರರು, ಎರಡು ಗುಂಡು, ಒಂದು ಚೆಂಡು. ಅದನ್ನೇ ಎಳೆದಾಡಿ ವಿಮಾನ, ಮನುಷ್ಯ, ಪ್ಯಾರಾಚೂಟ್ ಎಲ್ಲ ತೋರಿಸಿದ್ದಾರೆ. ಇವತ್ತು ಫೋನಿನ ಒಂದು ಆಟ ಗಿಗಾಬೈಟ್‌ಗಟ್ಟಲೆ ಜಾಗ ನುಂಗಿ, ಮೇಲೆ ಅಪ್‌ಡೇಟನ್ನೂ ಕೇಳುತ್ತದೆ.

ಅಮೆರಿಕದ ಸಿಯರ್ಸ್ ಅಂಗಡಿಯವರು ‘ಸ್ಕೈ ಡೈವರ್’ ಅನ್ನೇ ‘ಡೇರ್ ಡೈವರ್’ ಅಂತ ಮಾರಿದರು. ಮಾರಲಿ. ನನ್ನ ಕಣ್ಣು ಇರುವುದು ‘ಚಿಕನ್’ ಎಂಬ ಐದನೇ ಬಗೆಯ ಮೇಲೆ. ಇದರಲ್ಲಿ ಇಬ್ಬರಿಗೂ ಸೇರಿ ಇಳಿಯಲು ಒಂದೇ ಕಟ್ಟೆ, ಮೊದಲು ಮುಟ್ಟಿದವನಿಗಷ್ಟೇ ಅಂಕ. ಬೇಗ ಇಳಿಯಬೇಕೆಂದರೆ ತಡವಾಗಿ ಬಿಚ್ಚಬೇಕು. ಪಕ್ಕದಲ್ಲಿ ಕೂತವನೂ ಅದನ್ನೇ ಯೋಚಿಸುತ್ತಿರುತ್ತಾನೆ. ಪ್ರಾಣಸ್ನೇಹಿತರು ಪರದೆ ಬಿಟ್ಟು ಪರಸ್ಪರ ಕೈಗಳನ್ನೇ ದಿಟ್ಟಿಸುವ ಆಟ ಇದು.

ಒಬ್ಬರೇ ಆಡಲು ಕೂತರೆ ಸ್ವಲ್ಪ ಹೊತ್ತಿಗೇ ಆಕಳಿಕೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆಡುವುದಾದರೆ ಭಾವಮೈದುನನನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ನೇರ ಐದನೇ ಬಗೆಗೇ ಹೋಗಿ.