ಪಕ್ಕದ ಮನೆಯ ಹಲೋ

ಆಫೀಸಿನ ಎರಡು ಕಟ್ಟಡಗಳ ಸ್ವಿಚ್ಚುಗಳಿಗೆ, ಡೇಟಾಗೆ ದಾರಿ ಹುಡುಕುವ ವಿದ್ಯೆಯಾದ ಓಎಸ್‌ಪಿಎಫ್ ಕಲಿಸಲು ಕೂತೆ. ಅದರ ಸ್ವಭಾವ ಥೇಟ್ ಪಕ್ಕದ ಮನೆ ಅಜ್ಜಿಯದು: 10 ಸೆಕೆಂಡಿಗೊಮ್ಮೆ ‘ಹಲೋ’ ಅನ್ನಬೇಕು. 40 ಸೆಕೆಂಡು ಆ ಕಡೆಯಿಂದ ಉಸಿರಿಲ್ಲವೆಂದರೆ ಮುಗಿಯಿತು. ಸತ್ತನೆಂದು ಸಾರಿ, ತಿಥಿಗೂ ಕಾಯದೆ ಬೇರೆ ದಾರಿ ಹಿಡಿಯುತ್ತದೆ. ಇನ್ನೂ ಚುರುಕಾಗಲಿ ಎಂದು ಒಂದು ಕಡೆ ಮಾತ್ರ ಗಡುವು ಇಳಿಸಿದೆ. ಎರಡೂ ಮಾತು ಬಿಟ್ಟವು! ಎರಡೂ ಕಡೆಯ ಗಡುವು ತಾಳೆಯಾಗದೆ ಸಂಬಂಧ ಕೂಡಿಬರುವುದಿಲ್ಲವಂತೆ. ಜಾತಕವೇ ವಾಸಿ.

ಸರಿಪಡಿಸಿ, ಮ್ಯಾನೇಜರ್ ಎದುರಿಗೇ ಮೇನ್ ಕೇಬಲ್ ಕಿತ್ತೆ. ಪಿಂಗ್ ಒಂದೆರಡು ಸಲ ಬಿಕ್ಕಳಿಸಿ ಮತ್ತೆ ಓಡಿತು. ನನ್ನ ಎದೆಯುಬ್ಬಿತು.

ಮರುವಾರ ಜೆಸಿಬಿ ಬಂತು. ಮೇನೂ ಬ್ಯಾಕಪ್ಪೂ ಒಂದೇ ಗುಂಡಿಯಲ್ಲಿ ತಬ್ಬಿಕೊಂಡು ಮಲಗಿದ್ದವು.

“ಎಲ್ಲ ಆಟೋಮ್ಯಾಟಿಕ್ ಅಂದಿದ್ರಲ್ರೀ?”

“ಹೌದು ಸಾರ್, ಎರಡೂ ಆಟೋಮ್ಯಾಟಿಕ್ಕಾಗೇ ಹೋದವು.”